ತೆರೆದ ವಿಂಡೋಗಳ ನಡುವೆ ಕೀಲಿಮಣೆಯಿಂದಲೇ ಓಡಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿರುವ ಉತ್ತರಗಳು ಮುಖ್ಯವಾಗಿ ವಿಂಡೋಸ್ 10 ಮತ್ತು ವಿಂಡೋಸ್ 11 ಬಳಸುವವರಿಗೆ ಅನ್ವಯಿಸುತ್ತವೆ. ಮ್ಯಾಕ್ ಮತ್ತು ಲಿನಕ್ಸ್ ಬಳಸುವವರ ಪ್ರಶ್ನೆಗಳಿಗೆ ಕೊನೆಯ ಭಾಗದಲ್ಲಿ ಉತ್ತರಗಳಿವೆ. ಎರಡು ಕೀಲಿಗಳ ಹೆಸರುಗಳ ನಡುವೆ ಕೂಡಿಸುವ ಚಿಹ್ನೆ ಇದ್ದರೆ, ಮೊದಲನೆಯದನ್ನು ಒತ್ತಿ ಹಿಡಿದಿರುವಾಗಲೇ ಎರಡನೆಯದನ್ನು ಒತ್ತಬೇಕೆಂದು ಅರ್ಥ.

ಮೌಸ್ ಇರುವಾಗ ಇದನ್ನೆಲ್ಲ ಕಲಿಯುವ ಅಗತ್ಯವೇನು?

ದಿನಕ್ಕೆ ನಾಲ್ಕಾರು ಬಾರಿ ಮಾತ್ರ ವಿಂಡೋ ಬದಲಿಸುವವರಿಗೆ ಅಗತ್ಯವಿಲ್ಲ. ಆದರೆ ಒಂದು ಕಡೆ ಮೂಲ ಪಿಡಿಎಫ್, ಇನ್ನೊಂದು ಕಡೆ ಕರಡು, ಮತ್ತೊಂದು ಕಡೆ ನಿಘಂಟು ತೆರೆದಿಟ್ಟುಕೊಂಡು ಕೆಲಸ ಮಾಡುವ ಅನುವಾದಕರು, ಕರಡು ತಿದ್ದುವವರು, ಲೆಕ್ಕ ಬರೆಯುವವರು ಗಂಟೆಗೆ ಹತ್ತಾರು ಬಾರಿ ವಿಂಡೋ ಬದಲಿಸುತ್ತಾರೆ. ಪ್ರತಿ ಬಾರಿಯೂ ಕೈಯನ್ನು ಕೀಲಿಮಣೆಯಿಂದ ಎತ್ತಿ, ಮೌಸ್ ಹಿಡಿದು, ಪರದೆಯ ಕೆಳಗಿನ ಪಟ್ಟಿಯಲ್ಲಿ ಸರಿಯಾದ ಗುರುತನ್ನು ಹುಡುಕಿ, ಮತ್ತೆ ಕೀಲಿಮಣೆಗೆ ಮರಳುವಷ್ಟರಲ್ಲಿ ಬರೆಯುತ್ತಿದ್ದ ವಾಕ್ಯದ ಎಳೆ ತಪ್ಪಿರುತ್ತದೆ. ಉಳಿಯುವ ಸಮಯಕ್ಕಿಂತಲೂ ಎಳೆ ತಪ್ಪದಿರುವುದೇ ಇಲ್ಲಿ ದೊಡ್ಡ ಲಾಭವೆಂದು ನನ್ನ ಅಭಿಪ್ರಾಯ.

ಒಂದನ್ನೇ ಕಲಿಯುವುದಾದರೆ ಯಾವುದನ್ನು ಕಲಿಯಬೇಕು?

ಆಲ್ಟ್ + ಟ್ಯಾಬ್. ಇದರ ಹೆಸರು ಎಲ್ಲರಿಗೂ ಗೊತ್ತಿದ್ದರೂ, ಬಹಳ ಮಂದಿ ಇದರ ಅರ್ಧ ಭಾಗವನ್ನಷ್ಟೇ ಬಳಸುತ್ತಾರೆ. ಎರಡು ಕೀಲಿಗಳನ್ನೂ ಒಟ್ಟಿಗೆ ಒತ್ತಿ ತಟ್ಟನೆ ಬಿಟ್ಟರೆ, ಈಗಿನ ವಿಂಡೋಗಿಂತ ಮೊದಲು ನೀವು ಯಾವ ವಿಂಡೋದಲ್ಲಿದ್ದಿರೋ ಅದು ಮುಂದೆ ಬರುತ್ತದೆ. ಟ್ಯಾಬ್ ಕೀಲಿಯನ್ನು ಮಾತ್ರ ಬಿಟ್ಟು ಆಲ್ಟ್ ಕೀಲಿಯನ್ನು ಒತ್ತಿ ಹಿಡಿದೇ ಇದ್ದರೆ, ತೆರೆದಿರುವ ಎಲ್ಲ ವಿಂಡೋಗಳ ಕಿರುಚಿತ್ರಗಳು ಪರದೆಯ ಮೇಲೆ ನಿಲ್ಲುತ್ತವೆ. ಆಗ ಟ್ಯಾಬ್ ಕೀಲಿಯನ್ನು ಒಂದೊಂದೇ ಬಾರಿ ತಟ್ಟುತ್ತ ಬೇಕಾದ ವಿಂಡೋದ ಮೇಲೆ ಆಯ್ಕೆಯ ಚೌಕಟ್ಟು ಬಂದಾಗ ಆಲ್ಟ್ ಕೀಲಿಯನ್ನು ಬಿಟ್ಟರೆ ಆ ವಿಂಡೋ ತೆರೆದುಕೊಳ್ಳುತ್ತದೆ. ಆಯ್ಕೆ ನಡೆಯುವುದು ಟ್ಯಾಬ್ ಒತ್ತಿದಾಗ ಅಲ್ಲ, ಆಲ್ಟ್ ಬಿಟ್ಟಾಗ. ಮೊದಲ ಬಾರಿ ಕಲಿಯುವವರು ಎಡವುವುದು ಇಲ್ಲಿಯೇ.

ಈ ಪಟ್ಟಿಯ ರೂಪ ಕಾಲಕಾಲಕ್ಕೆ ಬದಲಾಗಿದೆ. 1992ರ ವಿಂಡೋಸ್ 3.1ರಲ್ಲಿ ಪರದೆಯ ನಡುವೆ ಒಂದು ಸಣ್ಣ ಪೆಟ್ಟಿಗೆ ಮೂಡಿ, ಒಂದು ಬಾರಿಗೆ ಒಂದೇ ಶೀರ್ಷಿಕೆಯನ್ನು ತೋರಿಸುತ್ತಿತ್ತು. ವಿಂಡೋಸ್ 95ರಲ್ಲಿ ಗುರುತುಚಿತ್ರಗಳ ಸಾಲು ಬಂದಿತು. ವಿಂಡೋದೊಳಗಿನ ದೃಶ್ಯವನ್ನೇ ತೋರಿಸುವ ಕಿರುಚಿತ್ರಗಳು 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ರೂಢಿಗೆ ಬಂದವು. ಆದರೆ ಬೆರಳುಗಳ ಕೆಲಸ ಮಾತ್ರ ಅಂದಿನಿಂದ ಇಂದಿನವರೆಗೆ ಹಾಗೆಯೇ ಇದೆ.

ಪಟ್ಟಿಯಲ್ಲಿ ವಿಂಡೋಗಳ ಕ್ರಮ ಪ್ರತಿ ಬಾರಿಯೂ ಬದಲಾಗುವುದೇಕೆ? ಹಿಂದಿನ ಸಲ ಎರಡನೆಯದಾಗಿದ್ದುದು ಈಗ ನಾಲ್ಕನೆಯದಾಗಿದೆ.

ಆಲ್ಟ್ + ಟ್ಯಾಬ್ ಕುರಿತ ಬಹುಪಾಲು ಗೊಂದಲಗಳ ಬೇರು ಈ ಪ್ರಶ್ನೆಯಲ್ಲಿದೆ. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪಟ್ಟಿಯ ಕ್ರಮವು ವಿಂಡೋಗಳನ್ನು ತೆರೆದ ಕ್ರಮವೂ ಅಲ್ಲ, ಪರದೆಯ ಕೆಳಗಿನ ಟಾಸ್ಕ್‌ಬಾರ್‌ನಲ್ಲಿರುವ ಕ್ರಮವೂ ಅಲ್ಲ. ತೀರ ಇತ್ತೀಚೆಗೆ ಬಳಸಿದ್ದು ಮೊದಲು, ಅದಕ್ಕಿಂತ ಹಿಂದೆ ಬಳಸಿದ್ದು ಆಮೇಲೆ, ಎಂಬುದೇ ಅಲ್ಲಿನ ನಿಯಮ. ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದ ಕಡತಗಳಿವೆ ಎಂದುಕೊಳ್ಳಿ. ನಡುವಿನಿಂದ ಒಂದನ್ನು ಎಳೆದು ಓದಿದವರು ಅದನ್ನು ಮತ್ತೆ ನಡುವೆ ತೂರಿಸುವುದಿಲ್ಲ, ಮೇಲೆಯೇ ಇಡುತ್ತಾರೆ. ವಿಂಡೋಗಳ ಪಟ್ಟಿಯೂ ಹಾಗೆಯೇ. ನೀವು ಯಾವುದನ್ನು ಆರಿಸುತ್ತೀರೋ ಅದು ಪಟ್ಟಿಯ ತುದಿಗೆ ಬರುತ್ತದೆ, ಅದಕ್ಕಿಂತ ಮುಂದಿದ್ದವೆಲ್ಲ ಒಂದೊಂದು ಸ್ಥಾನ ಕೆಳಗಿಳಿಯುತ್ತವೆ.

ಒಂದು ಉದಾಹರಣೆ ನೋಡಿ. ನೀವು ಮೊದಲು ಇಮೇಲ್, ಆಮೇಲೆ ಲೆಕ್ಕದ ಹಾಳೆ, ಕೊನೆಗೆ ಪತ್ರದ ಕರಡನ್ನು ತೆರೆದಿದ್ದೀರಿ. ಈಗ ಪಟ್ಟಿಯಲ್ಲಿ ಕರಡು, ಹಾಳೆ, ಇಮೇಲ್ ಈ ಕ್ರಮದಲ್ಲಿರುತ್ತವೆ. ಆಲ್ಟ್ + ಟ್ಯಾಬ್ ಒಮ್ಮೆ ತಟ್ಟಿದರೆ ಹಾಳೆಗೆ ಹೋಗುತ್ತೀರಿ; ಪಟ್ಟಿ ಈಗ ಹಾಳೆ, ಕರಡು, ಇಮೇಲ್ ಎಂದಾಗುತ್ತದೆ. ಮತ್ತೊಮ್ಮೆ ತಟ್ಟಿದರೆ ಕರಡಿಗೇ ಮರಳುತ್ತೀರಿ. ಹೀಗೆ ಎಷ್ಟು ಬಾರಿ ಬಿಡಿಬಿಡಿಯಾಗಿ ತಟ್ಟಿದರೂ ಈ ಎರಡರ ನಡುವೆಯೇ ಓಡಾಡುತ್ತೀರಿ, ಇಮೇಲ್ ಎಂದಿಗೂ ಸಿಗುವುದಿಲ್ಲ. ಅದು ಬೇಕಾದರೆ ಆಲ್ಟ್ ಹಿಡಿದುಕೊಂಡೇ ಟ್ಯಾಬ್ ಕೀಲಿಯನ್ನು ಎರಡು ಬಾರಿ ತಟ್ಟಬೇಕು. ಆಗ ಇಮೇಲ್ ಮೊದಲ ಸ್ಥಾನಕ್ಕೆ ಬಂದು, ಮುಂದಿನ ಒಂದು ತಟ್ಟು ನಿಮ್ಮನ್ನು ನೀವು ಬಿಟ್ಟುಬಂದ ಕರಡಿಗೆ ಕರೆದೊಯ್ಯುತ್ತದೆ.

ಈ ನಿಯಮ ಮನಸ್ಸಿಗೆ ಬಂದರೆ ಪರದೆಯನ್ನು ನೋಡದೆಯೂ ಎರಡು ಅಥವಾ ಮೂರು ವಿಂಡೋಗಳ ನಡುವೆ ಸಲೀಸಾಗಿ ಓಡಾಡಬಹುದು. ಅದಕ್ಕಿಂತ ಹೆಚ್ಚಾದರೆ ಕ್ರಮವನ್ನು ನೆನಪಿಡಲು ಸಾಧ್ಯವಿಲ್ಲ, ನೆನಪಿಡಲು ಪ್ರಯತ್ನಿಸುವುದೂ ವ್ಯರ್ಥ. ಅಲ್ಲಿಂದ ಮುಂದೆ ಬೇಕಾಗುವುದು ಜಾಗ ಬದಲಾಗದ ಇನ್ನೊಂದು ವ್ಯವಸ್ಥೆ. ಅದನ್ನು ಸಂಖ್ಯೆಯ ಕೀಲಿಗಳ ಪ್ರಶ್ನೆಯಲ್ಲಿ ವಿವರಿಸಿದೆ.

ಇನ್ನೊಂದು ಸೂಕ್ಷ್ಮವಿದೆ. ವಿಂಡೋವನ್ನು ಕುಗ್ಗಿಸಿ ಟಾಸ್ಕ್‌ಬಾರ್‌ಗೆ ಇಳಿಸಿದರೆ, ಅಂದರೆ ಮಿನಿಮೈಸ್ ಮಾಡಿದರೆ, ಅದು ಸಾಮಾನ್ಯವಾಗಿ ಪಟ್ಟಿಯ ಕೊನೆಗೆ ಸರಿಯುತ್ತದೆ. ಈಗ ತಾನೇ ನೋಡುತ್ತಿದ್ದ ವಿಂಡೋ ಒಂದು ತಟ್ಟಿಗೆ ಸಿಗಲಿಲ್ಲವೆಂದು ದೂರುವವರು ಬಹುತೇಕ ಅದನ್ನು ಮಿನಿಮೈಸ್ ಮಾಡಿರುತ್ತಾರೆ. ಕೀಲಿಮಣೆಯಿಂದ ವಿಂಡೋ ಬದಲಿಸುವ ರೂಢಿ ಮಾಡಿಕೊಂಡವರು ಮಿನಿಮೈಸ್ ಮಾಡುವ ರೂಢಿಯನ್ನು ಬಿಟ್ಟರೆ ಒಳ್ಳೆಯದು. ಮುಂದಿನ ವಿಂಡೋ ಹೇಗೂ ಹಿಂದಿನದನ್ನು ಮುಚ್ಚುತ್ತದೆ.

ಬೇಕಾದ ವಿಂಡೋವನ್ನು ದಾಟಿ ಹೋದರೆ ಹಿಂದಕ್ಕೆ ಬರುವುದು ಹೇಗೆ?

ಆಲ್ಟ್ ಬಿಡದೆ ಶಿಫ್ಟ್ ಕೀಲಿಯನ್ನೂ ಹಿಡಿದು ಟ್ಯಾಬ್ ತಟ್ಟಿದರೆ ಆಯ್ಕೆ ಹಿಮ್ಮುಖವಾಗಿ ಚಲಿಸುತ್ತದೆ. ಪಟ್ಟಿ ತೆರೆದಿರುವಾಗ ಬಾಣದ ಕೀಲಿಗಳೂ ಕೆಲಸ ಮಾಡುತ್ತವೆ, ಮೌಸ್‌ನಿಂದ ಕಿರುಚಿತ್ರವನ್ನು ಒತ್ತಿದರೂ ಆಗುತ್ತದೆ. ಮನಸ್ಸು ಬದಲಾಗಿ ಇದ್ದಲ್ಲಿಯೇ ಉಳಿಯಬೇಕೆನಿಸಿದರೆ, ಆಲ್ಟ್ ಬಿಡುವ ಮೊದಲು ಎಸ್ಕೇಪ್ ಒತ್ತಿ. ಪಟ್ಟಿಯಲ್ಲಿ ಆಯ್ಕೆಯಾಗಿರುವ ವಿಂಡೋವನ್ನು ಅಲ್ಲಿಂದಲೇ ಮುಚ್ಚಲು ಡಿಲೀಟ್ ಕೀಲಿಯನ್ನು ಒತ್ತಬಹುದು. ಇದು ಹಲವರಿಗೆ ಗೊತ್ತಿಲ್ಲದ, ಆದರೆ ಸಂಜೆ ಕೆಲಸ ಮುಗಿಸುವಾಗ ಬಹಳ ಅನುಕೂಲವಾಗುವ ಸಂಗತಿ.

ಆಲ್ಟ್ ಕೀಲಿಯನ್ನು ಹಿಡಿದೇ ಇರಬೇಕಾದ್ದರಿಂದ ಬೆರಳು ನೋಯುತ್ತದೆ. ಪಟ್ಟಿಯನ್ನು ಪರದೆಯ ಮೇಲೆ ನಿಲ್ಲಿಸಿಕೊಳ್ಳಬಹುದೇ?

ಖಂಡಿತವಾಗಿ. ಕಂಟ್ರೋಲ್ + ಆಲ್ಟ್ + ಟ್ಯಾಬ್ ಒತ್ತಿ ಎಲ್ಲ ಕೀಲಿಗಳನ್ನೂ ಬಿಟ್ಟುಬಿಡಿ. ಪಟ್ಟಿ ಹಾಗೆಯೇ ನಿಂತಿರುತ್ತದೆ. ಬಾಣದ ಕೀಲಿಗಳಿಂದ ಆರಿಸಿ ಎಂಟರ್ ಒತ್ತಬಹುದು. ವಿಂಡೋಸ್ ಕೀಲಿ, ಅಂದರೆ ವಿಂಡೋಸ್ ಗುರುತಿರುವ ಕೀಲಿ, ಹಿಡಿದು ವಿಂಡೋಸ್ + ಟ್ಯಾಬ್ ಒತ್ತಿದರೆ ಟಾಸ್ಕ್ ವ್ಯೂ ಎಂಬ ಇನ್ನಷ್ಟು ವಿಸ್ತಾರವಾದ ನೋಟ ತೆರೆದುಕೊಳ್ಳುತ್ತದೆ. ಅದೂ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಇದೇ ಕೀಲಿಗಳು ವಿಂಡೋಗಳನ್ನು ಓರೆಯಾಗಿ ಸಾಲುಗಟ್ಟಿಸಿ ತೋರಿಸುತ್ತಿದ್ದವು. ನೋಡಲು ಚೆಂದವಾಗಿದ್ದ ಆ ನೋಟದಲ್ಲಿ ಹಿಂದಿನ ವಿಂಡೋಗಳು ಮುಂದಿನವುಗಳ ಮರೆಯಲ್ಲಿರುತ್ತಿದ್ದುದರಿಂದ ಹುಡುಕುವ ಕೆಲಸಕ್ಕೆ ಅದು ಅಷ್ಟಾಗಿ ಒದಗುತ್ತಿರಲಿಲ್ಲ. ವಿಂಡೋಸ್ 8ರಲ್ಲಿ ಅದನ್ನು ಕೈಬಿಡಲಾಯಿತು.

ಯಾವಾಗಲೂ ಹದಿನೈದು, ಇಪ್ಪತ್ತು ವಿಂಡೋಗಳು ತೆರೆದಿರುತ್ತವೆ. ಬೇಕಾದ ತಂತ್ರಾಂಶಕ್ಕೆ ನೇರವಾಗಿ ಹೋಗುವ ದಾರಿ ಯಾವುದು?

ವಿಂಡೋಸ್ ಕೀಲಿಯೊಂದಿಗೆ ಸಂಖ್ಯೆ. ಟಾಸ್ಕ್‌ಬಾರ್‌ನಲ್ಲಿ ಎಡದಿಂದ ಎಣಿಸಿದಾಗ ಮೊದಲ ತಂತ್ರಾಂಶಕ್ಕೆ ವಿಂಡೋಸ್ + 1, ಎರಡನೆಯದಕ್ಕೆ ವಿಂಡೋಸ್ + 2, ಹೀಗೆ ಮುಂದುವರಿಯುತ್ತದೆ; ಹತ್ತನೆಯದಕ್ಕೆ ಸೊನ್ನೆ. ಸ್ಟಾರ್ಟ್ ಗುಂಡಿ, ಹುಡುಕಾಟದ ಪೆಟ್ಟಿಗೆ, ಟಾಸ್ಕ್ ವ್ಯೂ ಗುಂಡಿ ಈ ಎಣಿಕೆಯಲ್ಲಿ ಸೇರುವುದಿಲ್ಲ. ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಅಂಕಿಗಳನ್ನೇ ಬಳಸಬೇಕು; ಬಲಬದಿಯಲ್ಲಿರುವ ಅಂಕಿಗಳ ಗುಂಪು ಇದಕ್ಕೆ ಒದಗುವುದಿಲ್ಲ.

ಇದರ ಬೆಲೆ ತಿಳಿಯುವುದು ಟಾಸ್ಕ್‌ಬಾರ್‌ನಲ್ಲಿ ತಂತ್ರಾಂಶಗಳನ್ನು ಶಾಶ್ವತವಾಗಿ ಕೂರಿಸಿದಾಗ, ಅಂದರೆ ಪಿನ್ ಮಾಡಿದಾಗ. ಪಿನ್ ಮಾಡಿದ ಗುರುತುಗಳ ಜಾಗ ಬದಲಾಗುವುದಿಲ್ಲ. ಮೊದಲನೆಯದು ಬ್ರೌಸರ್, ಎರಡನೆಯದು ಬರವಣಿಗೆಯ ತಂತ್ರಾಂಶ, ಮೂರನೆಯದು ಲೆಕ್ಕದ ಹಾಳೆ, ನಾಲ್ಕನೆಯದು ಕಡತಗಳ ಎಕ್ಸ್‌ಪ್ಲೋರರ್ ಎಂದು ಜೋಡಿಸಿಕೊಂಡರೆ, ಕೆಲವೇ ದಿನಗಳಲ್ಲಿ ಬೆರಳಿಗೆ ಆ ಸಂಖ್ಯೆಗಳು ರೂಢಿಯಾಗುತ್ತವೆ. ತಂತ್ರಾಂಶ ಇನ್ನೂ ತೆರೆದಿಲ್ಲದಿದ್ದರೆ ಅದೇ ಕೀಲಿಗಳು ಅದನ್ನು ತೆರೆಯುತ್ತವೆ. ಗುರುತುಗಳನ್ನು ಮೌಸ್‌ನಿಂದ ಎಳೆದು ಮರುಜೋಡಿಸಬಹುದು. ಆದರೆ ಒಮ್ಮೆ ಕ್ರಮ ನಿರ್ಧರಿಸಿದ ಮೇಲೆ ಅದನ್ನು ಪದೇ ಪದೇ ಬದಲಾಯಿಸಬೇಡಿ. ಹಾಗೆ ಮಾಡಿದರೆ ಈ ವಿಧಾನದ ಪ್ರಯೋಜನವೇ ಹೋಗುತ್ತದೆ.

ಒಂದೇ ತಂತ್ರಾಂಶದ ಹಲವು ವಿಂಡೋಗಳು ತೆರೆದಿದ್ದರೆ, ವಿಂಡೋಸ್ ಕೀಲಿಯನ್ನು ಹಿಡಿದುಕೊಂಡೇ ಸಂಖ್ಯೆಯನ್ನು ಮತ್ತೆ ಮತ್ತೆ ತಟ್ಟಿದಾಗ ಅವು ಒಂದೊಂದಾಗಿ ಬರುತ್ತವೆ. ಕಂಟ್ರೋಲ್ ಕೀಲಿಯನ್ನೂ ಸೇರಿಸಿದರೆ ಆ ತಂತ್ರಾಂಶದಲ್ಲಿ ಕೊನೆಯದಾಗಿ ಬಳಸಿದ ವಿಂಡೋಗೇ ನೇರವಾಗಿ ಹೋಗುತ್ತೀರಿ. ಶಿಫ್ಟ್ ಸೇರಿಸಿದರೆ ಅದೇ ತಂತ್ರಾಂಶದ ಹೊಸದೊಂದು ವಿಂಡೋ ತೆರೆಯುತ್ತದೆ.

ಹಾಗಾಗಿ ನನ್ನ ಸಲಹೆ ಇಷ್ಟು: ಈಗಷ್ಟೇ ಬಿಟ್ಟುಬಂದ ವಿಂಡೋಗೆ ಮರಳಲು ಆಲ್ಟ್ + ಟ್ಯಾಬ್, ದೂರದಲ್ಲಿರುವುದನ್ನು ಕರೆಯಲು ವಿಂಡೋಸ್ + ಸಂಖ್ಯೆ. ಇವೆರಡನ್ನು ಹೀಗೆ ಹಂಚಿಕೊಂಡವರಿಗೆ ಈ ಪುಟದ ಉಳಿದ ಕೀಲಿಗಳಲ್ಲಿ ಹೆಚ್ಚಿನವು ಅಪರೂಪಕ್ಕಷ್ಟೇ ಬೇಕಾಗುತ್ತವೆ.

ವರ್ಡ್‌ನಲ್ಲಿ ಐದಾರು ದಾಖಲೆಗಳು ತೆರೆದಿವೆ, ಕಿರುಚಿತ್ರಗಳೆಲ್ಲ ಒಂದೇ ಥರ ಕಾಣುತ್ತವೆ. ಏನು ಮಾಡಬೇಕು?

ವರ್ಡ್ ಮತ್ತು ಎಕ್ಸೆಲ್‌ಗಳಲ್ಲಿ ಕಂಟ್ರೋಲ್ + ಎಫ್6 ಒತ್ತಿದರೆ ಆ ತಂತ್ರಾಂಶದ ದಾಖಲೆಗಳ ನಡುವೆ ಮಾತ್ರ ಓಡಾಡಬಹುದು. ಬ್ರೌಸರ್ ಮುಂತಾದವು ನಡುವೆ ಬರುವುದಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್6 ಕೀಲಿಗೆ ಬೆಳಕು ಅಥವಾ ಧ್ವನಿಯ ಕೆಲಸ ಒಪ್ಪಿಸಿರುವುದರಿಂದ ಎಫ್‌ಎನ್ ಕೀಲಿಯನ್ನೂ ಸೇರಿಸಿ ಒತ್ತಬೇಕಾಗುತ್ತದೆ.

ಆದರೆ ನಿಜವಾದ ಪರಿಹಾರ ಕಡತಗಳ ಹೆಸರಿನಲ್ಲಿದೆ. ಬಿಳಿ ಹಾಳೆಯ ಮೇಲೆ ಕಪ್ಪು ಅಕ್ಷರಗಳಿರುವ ಕಿರುಚಿತ್ರಗಳು ಒಂದನ್ನೊಂದು ಹೋಲುವುದು ಸಹಜ. ಅವುಗಳನ್ನು ಬೇರ್ಪಡಿಸುವುದು ಮೇಲಿರುವ ಶೀರ್ಷಿಕೆ ಮಾತ್ರ, ಆ ಶೀರ್ಷಿಕೆಯೂ ಜಾಗ ಸಾಲದೆ ಕೊನೆಯಲ್ಲಿ ತುಂಡಾಗಿರುತ್ತದೆ. ‘ವಾರ್ಷಿಕ ವರದಿ ಅಂತಿಮ ಕರಡು ಒಂದು’, ‘ವಾರ್ಷಿಕ ವರದಿ ಅಂತಿಮ ಕರಡು ಎರಡು’ ಎಂದು ಹೆಸರಿಟ್ಟರೆ ಪಟ್ಟಿಯಲ್ಲಿ ಎರಡೂ ‘ವಾರ್ಷಿಕ ವರದಿ’ ಎಂದಷ್ಟೇ ಕಾಣುತ್ತವೆ. ಬೇರ್ಪಡಿಸುವ ಪದವನ್ನು ಹೆಸರಿನ ಮೊದಲಿಗೇ ಇಡಿ.

ಬ್ರೌಸರ್‌ನ ಟ್ಯಾಬ್‌ಗಳ ನಡುವೆಯೂ ಆಲ್ಟ್ + ಟ್ಯಾಬ್ ಕೆಲಸ ಮಾಡುತ್ತದೆಯೇ?

ಒಂದು ವಿಂಡೋದೊಳಗಿನ ಟ್ಯಾಬ್‌ಗಳಿಗೆ ಕಂಟ್ರೋಲ್ + ಟ್ಯಾಬ್ ಇದೆ. ಹಿಮ್ಮುಖವಾಗಿ ಹೋಗಲು ಶಿಫ್ಟ್ ಸೇರಿಸಬೇಕು. ಕಂಟ್ರೋಲ್ ಜೊತೆ 1ರಿಂದ 8ರವರೆಗಿನ ಸಂಖ್ಯೆ ಒತ್ತಿದರೆ ಆಯಾ ಸ್ಥಾನದ ಟ್ಯಾಬ್ ತೆರೆಯುತ್ತದೆ, 9 ಒತ್ತಿದರೆ ಎಷ್ಟೇ ಟ್ಯಾಬ್‌ಗಳಿದ್ದರೂ ಕೊನೆಯದು ತೆರೆಯುತ್ತದೆ. ಕ್ರೋಮ್‌ನಲ್ಲಿ ಕಂಟ್ರೋಲ್ + ಟ್ಯಾಬ್ ಎಡದಿಂದ ಬಲಕ್ಕೆ ಸಾಲಾಗಿ ಸಾಗಿದರೆ, ಫೈರ್‌ಫಾಕ್ಸ್‌ನಲ್ಲಿ ಅದನ್ನು ಇತ್ತೀಚೆಗೆ ಬಳಸಿದ ಕ್ರಮಕ್ಕೆ ಹೊಂದಿಸಿಕೊಳ್ಳುವ ಆಯ್ಕೆಯಿದೆ.

ಎಡ್ಜ್ ಬ್ರೌಸರ್‌ನ ಟ್ಯಾಬ್‌ಗಳು ಮಾತ್ರ ಕೆಲವೊಮ್ಮೆ ಆಲ್ಟ್ + ಟ್ಯಾಬ್ ಪಟ್ಟಿಯಲ್ಲಿ ಪ್ರತ್ಯೇಕ ವಿಂಡೋಗಳಂತೆ ತುಂಬಿಕೊಂಡಿರುತ್ತವೆ. ವಿಂಡೋಸ್ 10ಕ್ಕೆ 2020ರ ಅಕ್ಟೋಬರ್‌ನಲ್ಲಿ ಬಂದ ಪರಿಷ್ಕರಣೆಯಿಂದ ಈ ವ್ಯವಸ್ಥೆ ಸೇರಿಕೊಂಡಿತು. ನನಗಂತೂ ಇದು ಪಟ್ಟಿಯನ್ನು ಉದ್ದ ಮಾಡುವುದಷ್ಟೇ ಆಗಿ ಕಂಡಿದೆ. ಬೇಡವಾದರೆ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ವಿಭಾಗದ ಮಲ್ಟಿಟಾಸ್ಕಿಂಗ್ ಪುಟದಲ್ಲಿ ಟ್ಯಾಬ್‌ಗಳನ್ನು ತೋರಿಸದಂತೆ ಬದಲಾಯಿಸಿ.

ಆಲ್ಟ್ + ಎಸ್ಕೇಪ್ ಎಂಬುದೂ ಇದೆಯಂತೆ, ಅದು ಯಾವುದಕ್ಕೆ?

ಅದು ಯಾವ ಪಟ್ಟಿಯನ್ನೂ ತೋರಿಸದೆ ಮುಂದಿರುವ ವಿಂಡೋವನ್ನು ಎಲ್ಲಕ್ಕಿಂತ ಹಿಂದಕ್ಕೆ ತಳ್ಳಿ ಮುಂದಿನದನ್ನು ತರುತ್ತದೆ. ಮಿನಿಮೈಸ್ ಆಗಿರುವ ವಿಂಡೋಗಳನ್ನು ಅದು ತೆರೆಯುವುದಿಲ್ಲ. ಮೂರು ನಾಲ್ಕು ವಿಂಡೋಗಳನ್ನು ಸುತ್ತು ಹಾಕಿ ನೋಡಲು ಅನುಕೂಲ, ಅದಕ್ಕಿಂತ ಹೆಚ್ಚೇನೂ ಇಲ್ಲ.

ಕನ್ನಡದಲ್ಲಿ ಟೈಪ್ ಮಾಡುತ್ತಿರುವಾಗ ವಿಂಡೋ ಬದಲಿಸಿದರೆ, ಅಲ್ಲಿ ಇಂಗ್ಲಿಷ್ ಬದಲು ಕನ್ನಡ ಅಕ್ಷರಗಳು ಮೂಡುತ್ತವೆ. ಕೆಲವೊಮ್ಮೆ ಭಾಷೆ ತಾನಾಗಿಯೇ ಬದಲಾಗಿರುತ್ತದೆ. ಇದಕ್ಕೆ ಕಾರಣವೇನು?

ಎರಡು ಭಾಷೆಗಳಲ್ಲಿ ಕೆಲಸ ಮಾಡುವ ಎಲ್ಲರನ್ನೂ ಕಾಡುವ ಪ್ರಶ್ನೆಯಿದು. ಇಂಗ್ಲಿಷ್‌ನಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ. ಇಲ್ಲಿ ಎರಡು ಬೇರೆ ಬೇರೆ ಕಾರಣಗಳು ಕೂಡಿಕೊಂಡಿವೆ.

ಮೊದಲನೆಯದು ವಿಂಡೋಸ್ ಭಾಷೆಯನ್ನು ನೆನಪಿಡುವ ರೀತಿ. ವಿಂಡೋಸ್ 7ರವರೆಗೆ ಪ್ರತಿ ವಿಂಡೋಗೂ ಅದರದೇ ಭಾಷೆ ಇರುತ್ತಿತ್ತು. ಕರಡಿನಲ್ಲಿ ಕನ್ನಡ ಆರಿಸಿಕೊಂಡು ಬ್ರೌಸರ್‌ಗೆ ಹೋದರೆ ಅಲ್ಲಿ ಇಂಗ್ಲಿಷ್ ಹಾಗೆಯೇ ಉಳಿದಿರುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ, ನಾವಾಗಿ ಬದಲಾಯಿಸದಿದ್ದರೆ, ಇಡೀ ಗಣಕಕ್ಕೆ ಒಂದೇ ಭಾಷೆ. ಕರಡಿನಲ್ಲಿ ಕನ್ನಡ ಆರಿಸಿದರೆ ಬ್ರೌಸರ್‌ನ ವಿಳಾಸಪಟ್ಟಿಯಲ್ಲಿಯೂ ಕನ್ನಡವೇ ಮೂಡುತ್ತದೆ. ಹಳೆಯ ವ್ಯವಸ್ಥೆ ಬೇಕೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಟೈಪಿಂಗ್ ಪುಟಕ್ಕೆ ಹೋಗಿ, ಅಡ್ವಾನ್ಸ್ಡ್ ಕೀಬೋರ್ಡ್ ಸೆಟ್ಟಿಂಗ್ಸ್ ತೆರೆದು, ಪ್ರತಿ ಆ್ಯಪ್ ವಿಂಡೋಗೆ ಬೇರೆ ಬೇರೆ ಇನ್‌ಪುಟ್ ವಿಧಾನ ಬಳಸಲು ಬಿಡುವ ಆಯ್ಕೆಗೆ ಗುರುತು ಹಾಕಬೇಕು. ಟೈಪಿಂಗ್ ಪುಟವು ವಿಂಡೋಸ್ 11ರಲ್ಲಿ ಸಮಯ ಮತ್ತು ಭಾಷೆಯ ವಿಭಾಗದಲ್ಲಿಯೂ, ವಿಂಡೋಸ್ 10ರಲ್ಲಿ ಡಿವೈಸಸ್ ವಿಭಾಗದಲ್ಲಿಯೂ ಇದೆ. ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆಯುತ್ತ ಆಲ್ಟ್ + ಟ್ಯಾಬ್ ಬಳಸುವವರು ಇಂದೇ ಮಾಡಿಕೊಳ್ಳಬೇಕಾದ ಬದಲಾವಣೆಯೆಂದರೆ ಇದೊಂದೇ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಎರಡನೆಯದು ಕೀಲಿಗಳ ಘರ್ಷಣೆ. ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಸೇರಿಸಿಕೊಂಡ ಗಣಕದಲ್ಲಿ ಎಡಬದಿಯ ಆಲ್ಟ್ + ಶಿಫ್ಟ್ ಒತ್ತಿದರೆ ಭಾಷೆ ಬದಲಾಗುತ್ತದೆ. ವಿಂಡೋಗಳ ಪಟ್ಟಿಯಲ್ಲಿ ಹಿಂದಕ್ಕೆ ಹೋಗಲು ಬಳಸುವುದು ಆಲ್ಟ್ + ಶಿಫ್ಟ್ + ಟ್ಯಾಬ್. ಮೊದಲೆರಡು ಕೀಲಿಗಳನ್ನು ಒತ್ತಿ, ಟ್ಯಾಬ್ ತಟ್ಟುವ ಮೊದಲೇ ಮನಸ್ಸು ಬದಲಾಯಿಸಿ ಕೈ ತೆಗೆದರೆ ವಿಂಡೋ ಇದ್ದಲ್ಲೇ ಇರುತ್ತದೆ, ಭಾಷೆ ಮಾತ್ರ ಬದಲಾಗಿರುತ್ತದೆ. ಮೇಲೆ ಹೇಳಿದ ಪುಟದಲ್ಲಿಯೇ ಭಾಷೆ ಬದಲಿಸುವ ಕೀಲಿಗಳ ಕೊಂಡಿಯಿದೆ. ಅಲ್ಲಿ ಆಲ್ಟ್ + ಶಿಫ್ಟ್ ಅನ್ನು ತೆಗೆದುಹಾಕಬಹುದು. ಭಾಷೆ ಬದಲಿಸಲು ವಿಂಡೋಸ್ + ಸ್ಪೇಸ್ ಹೇಗೂ ಇದ್ದೇ ಇದೆ, ಅದು ಯಾವ ಭಾಷೆ ಆಯ್ಕೆಯಾಯಿತೆಂದು ಪರದೆಯ ಮೇಲೆ ತೋರಿಸುತ್ತದೆ ಕೂಡ.

ಈ ಎರಡೂ ಪರಿಹಾರಗಳು ವಿಂಡೋಸ್‌ನಲ್ಲಿಯೇ ಇರುವ ಕನ್ನಡ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸಕ್ಕೆ ಮತ್ತು 2019ರಲ್ಲಿ ವಿಂಡೋಸ್ 10ಕ್ಕೆ ಸೇರಿದ ಕನ್ನಡ ಫೊನೆಟಿಕ್ ವಿನ್ಯಾಸಕ್ಕೆ ಅನ್ವಯಿಸುತ್ತವೆ. ನುಡಿ, ಬರಹ ಮುಂತಾದ ಪ್ರತ್ಯೇಕ ತಂತ್ರಾಂಶಗಳು ಭಾಷೆ ಬದಲಿಸಲು ತಮ್ಮದೇ ಕೀಲಿಯನ್ನು ಇಟ್ಟುಕೊಂಡಿರುತ್ತವೆ, ವಿಂಡೋಸ್‌ನ ಸೆಟ್ಟಿಂಗ್ಸ್ ಅವುಗಳನ್ನು ಮುಟ್ಟುವುದಿಲ್ಲ. ಯಾವ ವಿನ್ಯಾಸದಲ್ಲಿದ್ದರೂ ಆಲ್ಟ್ + ಟ್ಯಾಬ್ ಮಾತ್ರ ಕೆಡುವುದಿಲ್ಲ, ಏಕೆಂದರೆ ಅದರಲ್ಲಿ ಅಕ್ಷರದ ಕೀಲಿಯೇ ಇಲ್ಲ.

ಪಟ್ಟಿಯಲ್ಲಿ ವಿಂಡೋ ಕಾಣುತ್ತದೆ, ಆರಿಸಿದರೆ ಪರದೆಯ ಮೇಲೆ ಬರುವುದೇ ಇಲ್ಲ.

ಎರಡನೆಯ ಮಾನಿಟರ್ ಅಥವಾ ಪ್ರೊಜೆಕ್ಟರ್ ಅನ್ನು ಜೋಡಿಸಿ ಬಿಡಿಸಿದ ಮೇಲೆ ಹೀಗಾಗುವುದುಂಟು; ವಿಂಡೋ ಈಗಿಲ್ಲದ ಪರದೆಯ ಜಾಗದಲ್ಲಿ ಉಳಿದಿರುತ್ತದೆ. ಆಲ್ಟ್ + ಟ್ಯಾಬ್‌ನಿಂದ ಅದನ್ನು ಆರಿಸಿ, ಆಲ್ಟ್ + ಸ್ಪೇಸ್ ಒತ್ತಿ, ಎಂ ಅಕ್ಷರವನ್ನು ಒತ್ತಿ, ಆಮೇಲೆ ಯಾವುದಾದರೂ ಬಾಣದ ಕೀಲಿಯನ್ನು ಒಮ್ಮೆ ತಟ್ಟಿದರೆ ವಿಂಡೋ ಮೌಸ್‌ಗೆ ಅಂಟಿಕೊಳ್ಳುತ್ತದೆ. ಮೌಸ್ ಅಲ್ಲಾಡಿಸಿ ಅದನ್ನು ಪರದೆಯೊಳಗೆ ತಂದು ಎಂಟರ್ ಒತ್ತಿ. ವಿಂಡೋಸ್ + ಶಿಫ್ಟ್ + ಎಡ ಅಥವಾ ಬಲ ಬಾಣವು ವಿಂಡೋವನ್ನು ಒಂದು ಮಾನಿಟರ್‌ನಿಂದ ಇನ್ನೊಂದಕ್ಕೆ ಸಾಗಿಸುತ್ತದೆ.

ಆರಿಸಲು ಹೊರಟ ವಿಂಡೋ ಪಟ್ಟಿಯಲ್ಲಿಯೇ ಇಲ್ಲವಾದರೆ ಕಾರಣ ಬೇರೆ. ಅದು ಬೇರೊಂದು ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ, ಅಂದರೆ ಅದೇ ಗಣಕದಲ್ಲಿ ತೆರೆದ ಇನ್ನೊಂದು ಪ್ರತ್ಯೇಕ ಡೆಸ್ಕ್‌ಟಾಪ್‌ನಲ್ಲಿ, ಇರಬಹುದು. ವಿಂಡೋಸ್ + ಕಂಟ್ರೋಲ್ + ಡಿ ಎಂದು ಅರಿಯದೆ ಒತ್ತಿದರೂ ಹೊಸ ಡೆಸ್ಕ್‌ಟಾಪ್ ತೆರೆದುಕೊಂಡು, ಎಲ್ಲ ವಿಂಡೋಗಳೂ ಮಾಯವಾದಂತೆ ಕಾಣುತ್ತದೆ. ವಿಂಡೋಸ್ + ಕಂಟ್ರೋಲ್ ಜೊತೆ ಎಡ ಬಾಣ ಒತ್ತಿದರೆ ಹಳೆಯದಕ್ಕೆ ಮರಳಬಹುದು. ಎಲ್ಲ ಡೆಸ್ಕ್‌ಟಾಪ್‌ಗಳ ವಿಂಡೋಗಳೂ ಒಂದೇ ಪಟ್ಟಿಯಲ್ಲಿ ಬರಬೇಕೆಂದರೆ ಮಲ್ಟಿಟಾಸ್ಕಿಂಗ್ ಪುಟದಲ್ಲಿ ಅದಕ್ಕೆ ಆಯ್ಕೆಯಿದೆ.

ವಿಂಡೋಸ್ + ಡಿ ಮತ್ತು ವಿಂಡೋಸ್ + ಎಂ ಇವೆರಡರ ನಡುವೆ ವ್ಯತ್ಯಾಸವಿದೆಯೇ?

ಇದೆ. ಎರಡೂ ಡೆಸ್ಕ್‌ಟಾಪ್ ಅನ್ನು ತೋರಿಸುತ್ತವೆ. ಡಿ ಒತ್ತಿದವರು ಮತ್ತೊಮ್ಮೆ ಡಿ ಒತ್ತಿ ಎಲ್ಲವನ್ನೂ ಮರಳಿ ತರಬಹುದು. ಎಂ ಒತ್ತಿದವರು ವಿಂಡೋಸ್ + ಶಿಫ್ಟ್ + ಎಂ ಒತ್ತಬೇಕು. ವಿಂಡೋಸ್ + ಹೋಮ್ ಈಗಿನ ವಿಂಡೋವನ್ನು ಉಳಿಸಿ ಬೇರೆಲ್ಲವನ್ನೂ ಕುಗ್ಗಿಸುತ್ತದೆ.

ಎರಡು ವಿಂಡೋಗಳ ನಡುವೆ ನಿಮಿಷಕ್ಕೆ ಹತ್ತು ಬಾರಿ ಓಡಾಡಬೇಕಾಗಿದೆ. ಇನ್ನೂ ಬೇಗ ಮಾಡುವ ಉಪಾಯವಿದೆಯೇ?

ಓಡಾಟವನ್ನೇ ನಿಲ್ಲಿಸುವುದು ಉಪಾಯ. ಒಂದು ವಿಂಡೋದಲ್ಲಿದ್ದು ವಿಂಡೋಸ್ + ಎಡ ಬಾಣ ಒತ್ತಿದರೆ ಅದು ಪರದೆಯ ಎಡ ಅರ್ಧದಲ್ಲಿ ಕೂರುತ್ತದೆ, ಬಲ ಅರ್ಧಕ್ಕೆ ಯಾವುದು ಬೇಕೆಂದು ವಿಂಡೋಸ್ ತಾನೇ ಕೇಳುತ್ತದೆ. ಮೂಲವನ್ನು ನೋಡುತ್ತ ನಕಲು ಮಾಡುವಾಗ, ಎರಡು ಪಟ್ಟಿಗಳನ್ನು ತಾಳೆ ನೋಡುವಾಗ ಇದಕ್ಕಿಂತ ಉತ್ತಮವಾದದ್ದಿಲ್ಲ. ಕಣ್ಣು ಎರಡನ್ನೂ ಕಾಣುತ್ತಿರುವುದರಿಂದ, ಮೊದಲ ವಿಂಡೋದಲ್ಲಿ ಓದಿದ ಸಂಖ್ಯೆಯನ್ನು ಎರಡನೆಯದಕ್ಕೆ ಹೋಗುವವರೆಗೆ ನೆನಪಿಟ್ಟುಕೊಳ್ಳುವ ಹೊರೆಯೂ ತಪ್ಪುತ್ತದೆ. ವಿಂಡೋಸ್ 11ರಲ್ಲಿ ವಿಂಡೋಸ್ + ಝಡ್ ಒತ್ತಿದರೆ ಮೂರು, ನಾಲ್ಕು ಭಾಗಗಳ ವಿನ್ಯಾಸಗಳೂ ಸಿಗುತ್ತವೆ. ಚಿಕ್ಕ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಮಾತ್ರ ಅರ್ಧ ಅಗಲಕ್ಕೆ ಕನ್ನಡದ ಸಾಲುಗಳು ಬಹಳ ಒಡೆಯುತ್ತವೆ. ಅಂಥಲ್ಲಿ ಆಲ್ಟ್ + ಟ್ಯಾಬ್ ಮೇಲು.

ರಿಮೋಟ್ ಡೆಸ್ಕ್‌ಟಾಪ್ ಮೂಲಕ ಕಚೇರಿಯ ಗಣಕಕ್ಕೆ ಸೇರಿಕೊಂಡಾಗ ಆಲ್ಟ್ + ಟ್ಯಾಬ್ ಮನೆಯ ಗಣಕದಲ್ಲಿಯೇ ಕೆಲಸ ಮಾಡುತ್ತದೆ.

ದೂರದ ಗಣಕ ಪೂರ್ತಿ ಪರದೆಯಲ್ಲಿದ್ದರೆ ಈ ಕೀಲಿಗಳು ಅಲ್ಲಿಗೆ ಹೋಗುತ್ತವೆ, ಸಣ್ಣ ವಿಂಡೋದಲ್ಲಿದ್ದರೆ ನಿಮ್ಮಲ್ಲಿಯೇ ಉಳಿಯುತ್ತವೆ. ಸೇರಿಕೊಳ್ಳುವ ಮೊದಲು ಕಾಣುವ ಲೋಕಲ್ ರಿಸೋರ್ಸಸ್ ಪುಟದ ಕೀಬೋರ್ಡ್ ಭಾಗದಲ್ಲಿ ಇದನ್ನು ಬದಲಾಯಿಸಬಹುದು. ಬದಲಾಯಿಸದೆಯೇ ದೂರದ ಗಣಕದ ವಿಂಡೋಗಳನ್ನು ದಾಟಲು ಆಲ್ಟ್ + ಪೇಜ್ ಅಪ್ ಮತ್ತು ಆಲ್ಟ್ + ಪೇಜ್ ಡೌನ್ ಇವೆ.

ಆಲ್ಟ್ + ಟ್ಯಾಬ್ ಬಳಸಿದರೆ ಆನ್‌ಲೈನ್ ಪರೀಕ್ಷೆಯ ಜಾಲತಾಣಕ್ಕೆ ಅಥವಾ ಸಭೆಯಲ್ಲಿರುವವರಿಗೆ ತಿಳಿಯುತ್ತದೆಯೇ?

ಜಾಲಪುಟವೊಂದು ತನ್ನ ಮೇಲಿದ್ದ ಗಮನ ಬೇರೆಡೆಗೆ ಹೋಯಿತೆಂಬುದನ್ನು ಬ್ರೌಸರ್ ಮೂಲಕ ತಿಳಿಯಬಲ್ಲದು. ನೀವು ಯಾವ ವಿಂಡೋಗೆ ಹೋದಿರಿ ಎಂಬುದನ್ನು ಬರೀ ಜಾಲಪುಟ ತಿಳಿಯಲಾರದು. ಪರೀಕ್ಷೆಗೆಂದು ಪ್ರತ್ಯೇಕ ತಂತ್ರಾಂಶವನ್ನು ಅನುಸ್ಥಾಪಿಸಿದ್ದರೆ ಅದು ಇನ್ನೂ ಹೆಚ್ಚು ತಿಳಿಯಬಹುದು, ಈ ಕೀಲಿಗಳನ್ನೇ ತಡೆಯಬಹುದು. ಪರೀಕ್ಷೆಯ ವೇಳೆ ರೂಢಿಬಲದಿಂದ ಬೆರಳು ಆಲ್ಟ್ + ಟ್ಯಾಬ್ ಕಡೆಗೆ ಹೋಗದಂತೆ ಎಚ್ಚರ ವಹಿಸುವುದು ಒಳ್ಳೆಯದು.

ಸಭೆಯಲ್ಲಿ ಇಡೀ ಪರದೆಯನ್ನು ಹಂಚಿಕೊಂಡಿದ್ದರೆ, ಆಲ್ಟ್ + ಟ್ಯಾಬ್ ಒತ್ತಿದಾಗ ಮೂಡುವ ಕಿರುಚಿತ್ರಗಳು ಎಲ್ಲರಿಗೂ ಕಾಣಬಹುದು. ಅದರಲ್ಲಿ ಖಾಸಗಿ ಪತ್ರ, ಬ್ಯಾಂಕ್ ಖಾತೆಯ ಪುಟ ಏನಿದ್ದರೂ ಕಂಡೀತು. ಆದ್ದರಿಂದ ಒಂದೇ ವಿಂಡೋವನ್ನು ಹಂಚಿಕೊಳ್ಳಿ. ಇಡೀ ಪರದೆಯನ್ನೇ ಹಂಚಬೇಕಾದಾಗ, ಎಲ್ಲ ವಿಂಡೋಗಳ ಪಟ್ಟಿಯನ್ನು ತೋರಿಸದ ವಿಂಡೋಸ್ + ಸಂಖ್ಯೆಯನ್ನು ಬಳಸಿ.

ಒಂದೇ ಕೈಯಿಂದ ಕೆಲಸ ಮಾಡುವವರಿಗೆ, ದೃಷ್ಟಿ ಇಲ್ಲದವರಿಗೆ ಇವು ಉಪಯುಕ್ತವೇ?

ಇತರರಿಗಿಂತ ಹೆಚ್ಚು ಉಪಯುಕ್ತ. ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲು ಕಷ್ಟವಾಗುವವರು ಶಿಫ್ಟ್ ಕೀಲಿಯನ್ನು ಸತತವಾಗಿ ಐದು ಬಾರಿ ಒತ್ತಿ ಸ್ಟಿಕಿ ಕೀಸ್ ಸೌಲಭ್ಯವನ್ನು ಆರಂಭಿಸಬಹುದು. ಆಗ ಕಂಟ್ರೋಲ್, ಆಲ್ಟ್, ಟ್ಯಾಬ್ ಕೀಲಿಗಳನ್ನು ಒಂದಾದ ಮೇಲೊಂದರಂತೆ ಒತ್ತಿದರೂ ಸಾಕು. ಪಟ್ಟಿ ನಿಂತಿರುತ್ತದೆ, ಬಾಣದ ಕೀಲಿಗಳಿಂದ ಆರಿಸಬಹುದು.

ಪರದೆ ಓದುವ ತಂತ್ರಾಂಶಗಳನ್ನು ಬಳಸುವವರಿಗಂತೂ ಆಲ್ಟ್ + ಟ್ಯಾಬ್ ದಿನನಿತ್ಯದ ದಾರಿ. ಉಚಿತವಾಗಿ ಸಿಗುವ ಎನ್‌ವಿಡಿಎ ಪಟ್ಟಿಯ ಪ್ರತಿ ಶೀರ್ಷಿಕೆಯನ್ನೂ ಓದಿ ಹೇಳುತ್ತದೆ. ಎಲ್ಲಿದ್ದೇವೆಂಬ ಗೊಂದಲವಾದಾಗ ಇನ್ಸರ್ಟ್ + ಟಿ ಒತ್ತಿದರೆ ಈಗಿನ ವಿಂಡೋದ ಶೀರ್ಷಿಕೆಯನ್ನು ಮತ್ತೆ ಕೇಳಬಹುದು. ಕನ್ನಡದಲ್ಲಿ ಹೆಸರಿಟ್ಟ ಕಡತಗಳನ್ನು ಓದಲು ಕನ್ನಡ ಬಲ್ಲ ಧ್ವನಿ ಬೇಕು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎನ್‌ಜಿ ಎಂಬ ಧ್ವನಿ ತಂತ್ರಾಂಶದಲ್ಲಿ ಕನ್ನಡ ಇದೆ. ಅದರ ಉಚ್ಚಾರಣೆ ಯಾಂತ್ರಿಕವಾಗಿದ್ದರೂ ಕಡತದ ಹೆಸರನ್ನು ಗುರುತಿಸಲು ತೊಂದರೆಯಿಲ್ಲ.

ಮ್ಯಾಕ್‌ನಲ್ಲಿ ಕಮಾಂಡ್ + ಟ್ಯಾಬ್ ಒತ್ತಿದರೆ ಒಂದೇ ತಂತ್ರಾಂಶದ ಎರಡು ವಿಂಡೋಗಳು ಬೇರೆ ಬೇರೆಯಾಗಿ ಕಾಣುವುದಿಲ್ಲವೇಕೆ?

ಮ್ಯಾಕ್ ತಂತ್ರಾಂಶವನ್ನೂ ಅದರ ವಿಂಡೋಗಳನ್ನೂ ಎರಡು ಪ್ರತ್ಯೇಕ ಹಂತಗಳಾಗಿ ಕಾಣುತ್ತದೆ. ಕಮಾಂಡ್ + ಟ್ಯಾಬ್ ತಂತ್ರಾಂಶಗಳ ನಡುವೆ ಮಾತ್ರ ಓಡಾಡಿಸುತ್ತದೆ. ಅದೇ ತಂತ್ರಾಂಶದ ಮುಂದಿನ ವಿಂಡೋಗೆ ಹೋಗಲು ಅಮೆರಿಕನ್ ಇಂಗ್ಲಿಷ್ ಕೀಲಿಮಣೆಯಲ್ಲಿ ಕಮಾಂಡ್ ಜೊತೆಗೆ ಟ್ಯಾಬ್‌ನ ಮೇಲಿರುವ ಕೀಲಿಯನ್ನು ಒತ್ತಬೇಕು. ಪಟ್ಟಿ ತೆರೆದಿರುವಾಗ ಕಮಾಂಡ್ ಬಿಡದೆ ಕ್ಯೂ ಒತ್ತಿದರೆ ಆರಿಸಿದ ತಂತ್ರಾಂಶ ಮುಚ್ಚುತ್ತದೆ, ಎಚ್ ಒತ್ತಿದರೆ ಮರೆಯಾಗುತ್ತದೆ. ಕಂಟ್ರೋಲ್ + ಮೇಲಿನ ಬಾಣವು ಎಲ್ಲ ವಿಂಡೋಗಳನ್ನೂ ಹರಡಿ ತೋರಿಸುತ್ತದೆ.

ವಿಂಡೋಸ್‌ನಿಂದ ಬಂದವರನ್ನು ಹೆಚ್ಚು ಕಾಡುವುದು ಮಿನಿಮೈಸ್ ಮಾಡಿದ ವಿಂಡೋ. ತಂತ್ರಾಂಶವನ್ನು ಆರಿಸಿದರೂ ಆ ವಿಂಡೋ ಡಾಕ್‌ನಲ್ಲಿಯೇ, ಅಂದರೆ ಮ್ಯಾಕ್‌ನ ಗುರುತುಗಳ ಪಟ್ಟಿಯಲ್ಲಿಯೇ, ಕುಳಿತಿರುತ್ತದೆ. ಕಮಾಂಡ್ ಬಿಡುವ ಮೊದಲು ಆಪ್ಷನ್ ಕೀಲಿಯನ್ನೂ ಹಿಡಿದರೆ ಅದು ಮೇಲೆ ಬರುತ್ತದೆ. ಕನ್ನಡ ಮತ್ತು ಇಂಗ್ಲಿಷ್ ಬೆರೆಸಿ ಬರೆಯುವವರು ಕೀಬೋರ್ಡ್ ಸೆಟ್ಟಿಂಗ್ಸ್‌ನ ಇನ್‌ಪುಟ್ ಸೋರ್ಸಸ್‌ನಲ್ಲಿ, ದಾಖಲೆಗೆ ತಕ್ಕಂತೆ ಭಾಷೆ ತಾನಾಗಿ ಬದಲಾಗುವ ಆಯ್ಕೆಯನ್ನು ನೋಡಬೇಕು.

ಉಬುಂಟು ಮುಂತಾದ ಲಿನಕ್ಸ್‌ಗಳಲ್ಲಿ?

ಉಬುಂಟು ಬಳಸುವ ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರವು ಮೂಲತಃ ಮ್ಯಾಕ್‌ನಂತೆ ವಿಂಡೋಗಳನ್ನು ತಂತ್ರಾಂಶಕ್ಕೆ ತಕ್ಕಂತೆ ಗುಂಪು ಮಾಡುತ್ತದೆ; ಗುಂಪಿನೊಳಗೆ ಓಡಾಡಲು ಟ್ಯಾಬ್‌ನ ಮೇಲಿರುವ ಕೀಲಿಯನ್ನು ಬಳಸಬೇಕು. ಗುಂಪು ಬೇಡವಾದರೆ ಸೆಟ್ಟಿಂಗ್ಸ್‌ನ ಕೀಬೋರ್ಡ್ ಪುಟದಲ್ಲಿ, ತಂತ್ರಾಂಶಗಳ ಬದಲಾವಣೆಗೂ ವಿಂಡೋಗಳ ಬದಲಾವಣೆಗೂ ಪ್ರತ್ಯೇಕ ಸಾಲುಗಳಿವೆ. ಎರಡನೆಯದಕ್ಕೆ ಆಲ್ಟ್ + ಟ್ಯಾಬ್ ಒಪ್ಪಿಸಿದರೆ ವಿಂಡೋಸ್‌ನ ರೂಢಿಯೇ ಇಲ್ಲಿಯೂ ನಡೆಯುತ್ತದೆ. ಸೂಪರ್ ಕೀಲಿಯನ್ನು, ಅಂದರೆ ವಿಂಡೋಸ್ ಗುರುತಿರುವ ಕೀಲಿಯನ್ನು, ಒಮ್ಮೆ ಒತ್ತಿದರೆ ಎಲ್ಲ ವಿಂಡೋಗಳೂ ಒಟ್ಟಿಗೆ ಕಾಣುತ್ತವೆ. ಪ್ರತಿ ವಿಂಡೋಗೆ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆ ಗ್ನೋಮ್‌ನ ಕೀಬೋರ್ಡ್ ಪುಟದಲ್ಲಿಯೇ ಇದೆ. ಕೆಡಿಇ ಎಂಬ ಇನ್ನೊಂದು ಪರಿಸರದಲ್ಲಿ ಪಟ್ಟಿಯ ರೂಪವನ್ನೂ ಕ್ರಮವನ್ನೂ ಬಳಕೆದಾರರೇ ನಿರ್ಧರಿಸಬಹುದು.

ಆಲ್ಟ್ + ಟ್ಯಾಬ್ ಏನು ಮಾಡಿದರೂ ಕೆಲಸ ಮಾಡುತ್ತಿಲ್ಲ. ಎಲ್ಲಿಂದ ಪರೀಕ್ಷಿಸಬೇಕು?

ಮೊದಲು ಬಲಬದಿಯ ಆಲ್ಟ್ ಕೀಲಿಯನ್ನು ಬಳಸಿ ನೋಡಿ. ಅದು ಕೆಲಸ ಮಾಡಿದರೆ ಎಡಬದಿಯ ಕೀಲಿಯಲ್ಲಿ ದೋಷವಿದೆ, ಧೂಳು ಸೇರಿರಬಹುದು. ಎರಡೂ ಕೆಲಸ ಮಾಡದಿದ್ದರೆ ಬೇರೊಂದು ಯುಎಸ್‌ಬಿ ಕೀಲಿಮಣೆಯನ್ನು ಜೋಡಿಸಿ ಪರೀಕ್ಷಿಸಿ. ಅದರಲ್ಲಿ ಸರಿಯಿದ್ದರೆ ತಂತ್ರಾಂಶದ ತಪ್ಪಲ್ಲವೆಂದು ಖಚಿತವಾಗುತ್ತದೆ. ಅದರಲ್ಲಿಯೂ ಆಗದಿದ್ದರೆ ಪೂರ್ತಿ ಪರದೆಯ ಆಟವಾಗಲಿ, ರಿಮೋಟ್ ಡೆಸ್ಕ್‌ಟಾಪ್ ಆಗಲಿ ಕೀಲಿಗಳನ್ನು ತಾನೇ ಹಿಡಿದಿಟ್ಟುಕೊಂಡಿದೆಯೇ ಎಂದು ನೋಡಿ. ಕೊನೆಗೆ ಕಂಟ್ರೋಲ್ + ಶಿಫ್ಟ್ + ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ವಿಂಡೋಸ್ ಎಕ್ಸ್‌ಪ್ಲೋರರ್ ಅನ್ನು ಆರಿಸಿ ರೀಸ್ಟಾರ್ಟ್ ಮಾಡಿ. ಟಾಸ್ಕ್‌ಬಾರ್ ಕ್ಷಣಕಾಲ ಮರೆಯಾಗಿ ಮತ್ತೆ ಬರುತ್ತದೆ. ತೆರೆದಿರುವ ದಾಖಲೆಗಳಿಗೆ ಇದರಿಂದ ಧಕ್ಕೆಯಾಗುವುದಿಲ್ಲ, ಆದರೆ ತೆರೆದಿಟ್ಟ ಫೋಲ್ಡರ್‌ಗಳು ಮುಚ್ಚಿಹೋಗುತ್ತವೆ.